ನನ್ನ ಕಾಲಿಗೆ ತೂಗುಬಿದ್ದ ಏಳು ಕಿಲೋ ಅತಿಥಿಗೆ

ನಾರಿನ್ ಹೊಳೆ ಕಾಣುವ ಕಿಟಕಿಯ ಬಳಿ, ಮೂಳೆ ವಿಭಾಗದ ಮೂರನೆಯ ಮಂಚದ ಕಾಲ್ದೆಸೆಯಲ್ಲಿ ವಿರಾಜಮಾನರಾಗಿರುವ ಕಬ್ಬಿಣದ ತೂಕದವರ ಸನ್ನಿಧಿಗೆ,

ಮಾನ್ಯರೇ,

ಸರ್ವಶಕ್ತನ ಶಾಂತಿಯು ತಮ್ಮ ಮೇಲೆ, ತಮ್ಮನ್ನು ಹೊತ್ತ ರಾಟೆಯ ಮೇಲೆ, ರಾಟೆಯನ್ನು ಹೊತ್ತ ಮಂಚದ ಮೇಲೆ, ಇನ್ನೂ ಮಿಕ್ಕಿದ್ದರೆ ಮಂಚದಲ್ಲಿರುವ ನನ್ನ ಮೇಲೂ ಇರಲಿ.

ಕತ್ತೆಯ ಮೇಲಿಂದ ಬಿದ್ದು (ಕುದುರೆಯೆಂದು ಬರೆಯುವ ಆಸೆಯಿತ್ತು, ಎಪ್ಪತ್ತನಾಲ್ಕರ ವಯಸ್ಸಿನಲ್ಲಿ ಸುಳ್ಳು ಶೋಭಿಸದು) ತೊಡೆಯ ಮೂಳೆ ಮುರಿದುಕೊಂಡ ಜುಮಾದಿಲನು ಅರಿಕೆ ಮಾಡಿಕೊಳ್ಳುವುದೇನೆಂದರೆ, ನನ್ನ ಮಂಡಿಯ ಕೆಳಗಿನ ಮೂಳೆಗೆ ತೂರಿಸಿದ ಸಲಾಕೆಗೆ ಕಟ್ಟಿದ ಹಗ್ಗದ ತುದಿಯಲ್ಲಿ ತಾವು ಮೂವತ್ತೆಂಟು ದಿನಗಳಿಂದ ತೂಗುತ್ತಿದ್ದೀರಿ. ಅತಿಥಿಯನ್ನು ಮೂರು ದಿನದವರೆಗೆ ಬಂದ ಕಾರಣ ಕೇಳಬಾರದೆಂಬುದು ನಮ್ಮ ಹಿರಿಯರ ಕಟ್ಟಳೆ. ಮೂವತ್ತೆಂಟರ ವಿಷಯದಲ್ಲಿ ಹಿರಿಯರು ಮೌನ ವಹಿಸಿದ್ದಾರೆ.

ಕುದುರೆ ಸಾಕುವ ನಮ್ಮ ಜನರಲ್ಲಿ ಎದುರಾದವನ ಹೊರೆ ಇಳಿಸದೆ ಕುಶಲ ಕೇಳುವುದು ಅಸಭ್ಯತೆ. ಆದಕಾರಣ ಮೊದಲ ವಾರ ನನ್ನನ್ನು ಕಾಣಬಂದವರೆಲ್ಲ ತಮ್ಮನ್ನು ಎತ್ತಿ ಸ್ಟೂಲಿನ ಮೇಲೆ ಕೂರಿಸಿಯೇ ಸಲಾಂ ಹೇಳಿದರು. ನನ್ನ ಬೀಗರಾದ ಶಾರ್ಶೆನ್ ಅವರಂತೂ "ಏನ್ ಬೀಗರೇ, ಕಬ್ಬಿಣ ಕಟ್ಕೊಂಡು ಮಲಗೋಕೆ ನೀವೇನು ತುಡುಗು ಹೋರೀನಾ?" ಎನ್ನುತ್ತ ಹಗ್ಗವನ್ನೇ ಬಿಚ್ಚತೊಡಗಿದರು. ಶುಶ್ರೂಷಕಿ ಜೂರಾಕಾನ್ ಓಡಿಬಂದು ತಮ್ಮನ್ನು ಸ್ವಸ್ಥಾನಕ್ಕೆ ಸೇರಿಸಿ, ನನ್ನ ಕಾಲ್ಬೆರಳುಗಳ ಬಣ್ಣ ನೋಡಿ, "ಅಜ್ಜಾ, ನೀವೂ ಸುಮ್ನೆ ನೋಡ್ತಿದ್ರಾ? ಇದು ಇಳಿದ್ರೆ ಮುರಿದ ಮೂಳೆ ಒಂದರ ಮೇಲೊಂದು ಏರ್ಕೊಳ್ಳುತ್ತೆ. ಕಾಲು ಎರಡು ಬೆರಳು ಗಿಡ್ಡ ಆದ್ಮೇಲೆ ಮಸೀದೀಲಿ ಹೇಗೆ ನಿಲ್ತೀರೋ ನಾನೂ ನೋಡ್ತೀನಿ" ಎಂದಳು.

ಆ ಮಾತು ಸಲಾಕೆಗಿಂತ ಆಳಕ್ಕೆ ಇಳಿಯಿತು. ಐವತ್ತು ವರ್ಷ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತು, ಹಣೆಯನ್ನು ನೆಲಕ್ಕಿಟ್ಟವನು ನಾನು. ಹಬ್ಬದ ಪ್ರಾರ್ಥನೆಗೆ ಕುರ್ಚಿ ತರಿಸಿಕೊಂಡು ಕೂರುವುದಕ್ಕಿಂತ ತಮ್ಮ ಸಹವಾಸವೇ ಲೇಸೆಂದು ಅಂದೇ ನಿಶ್ಚಯಿಸಿದೆ.

ಆದರೆ ಸಭ್ಯರನ್ನು ತಡೆಯುವುದು ಸುಲಭವೇ? ಜೂರಾಕಾನ್ ಬಾಗಿಲಲ್ಲೇ ನಿಂತು ಸಾರಿದಳು: "ಅದು ಹೊರೆ ಅಲ್ಲ, ಅತಿಥಿ. ಅಜ್ಜನ ಅತಿಥೀನ ಎಬ್ಬಿಸಿ ಕಳಿಸೋ ಅಷ್ಟು ಮರ್ಯಾದೆ ಬಿಟ್ಟೋರಾ ನೀವು?" ಅಲ್ಲಿಂದೀಚೆಗೆ ಒಬ್ಬರೂ ತಮ್ಮನ್ನು ಮುಟ್ಟಿಲ್ಲ, ಎಲ್ಲರೂ ಎದೆಗೆ ಕೈಯಿಟ್ಟು ಮೊದಲು ತಮಗೇ ವಂದಿಸುತ್ತಾರೆ. ಕಳೆದ ಶುಕ್ರವಾರ ಬೀಗರು ಬೇಯಿಸಿ ತಂದ ಕುರಿಯ ತಲೆಯನ್ನು, ಹಿರಿಯನಾದ ನನಗೆ ಸಲ್ಲತಕ್ಕದ್ದನ್ನು, ತಮ್ಮ ಮುಂದಿಟ್ಟು, "ಅತಿಥಿ ಇರುವಾಗ ನಿಮಗೆ ಹೇಗೆ ಕೊಡ್ಲಿ ಬೀಗರೇ?" ಎಂದು ನಕ್ಕರು. ತಾವು ಔದಾರ್ಯದಿಂದ ಮುಟ್ಟಲಿಲ್ಲ. ತಮ್ಮ ಪರವಾಗಿ ಜೂರಾಕಾನ್ ಉಂಡಳು.

ತಮ್ಮ ಗುಣಗಳನ್ನು ನಾನು ಅಲ್ಲಗಳೆಯಲಾರೆ. ಬೆನ್ನು ಹುಣ್ಣಾಗದಿರಲೆಂದು ಆಕೆ ನನ್ನನ್ನು ಹಿಟ್ಟಿನಂತೆ ನಾದುವಾಗಲೂ, ಮಲಪಾತ್ರೆ ಬಂದಾಗ ಕೋಣೆಯೆಲ್ಲ ಕಿಟಕಿಯತ್ತ ತಿರುಗಿದಾಗಲೂ, ತಾವೊಬ್ಬರೇ ಅಚಲರಾಗಿದ್ದಿರಿ. ಆದರೂ ಪ್ರಾರ್ಥನೆ ಇಷ್ಟೇ: ಹಿರಿಯರು ಬಂದಾಗ ಒಮ್ಮೆಯಾದರೂ ಎದ್ದು ನಿಲ್ಲಿರಿ, ಒಂದೇ ಒಂದು ಗಳಿಗೆ ತಾವು ಮಲಗಿ ನನ್ನನ್ನು ತೂಗಲು ಬಿಡಿರಿ, ಬಿಡುವಾದಾಗ ಬೀಗರ ನಾಲಗೆಗೂ ತೂಗಿ, ಅದನ್ನು ಅಳತೆಗೆ ತನ್ನಿರಿ.

ಇಂದು ಬೆಳಗ್ಗೆ ಆಕೆ ಟೇಪು ಹಿಡಿದು ಎರಡೂ ಕಾಲುಗಳನ್ನು ಎರಡೆರಡು ಸಲ ಅಳೆದಳು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನಾನು ಗೋಡೆಗೆ ಮುಖ ತಿರುಗಿಸಿದೆ. ನಾಳೆ ತಮಗೆ ಬೀಳ್ಕೊಡುಗೆ. ಹೋಗಿಬನ್ನಿರೆಂದು ಹೇಳುವುದು ಸಂಪ್ರದಾಯ; ನಾನು ಹೋಗಿರಿ ಎಂದಷ್ಟೇ ಹೇಳುತ್ತೇನೆ.

ತೂಕಬದ್ಧನಾದ,
ತಮ್ಮ ವಿಶ್ವಾಸಿ,
ಜುಮಾದಿಲ್

ಮರೆತ ಮಾತು: ಮಂಡಿ ಮರದಂತಾಗಿದೆ, ನಾಳೆಯಿಂದ ಅದನ್ನು ಮಡಿಸುವ ಅಭ್ಯಾಸವಂತೆ. ದೇವರೆದುರು ಬಾಗುವ ಮಂಡಿ, ಮೆಲ್ಲಗೆ ಎಂದು ಜೂರಾಕಾನ್ ಬಳಿ ಬೇಡಿಕೊಂಡೆ. "ಮೊದಲು ನನ್ ಮುಂದೆ ಬಾಗ್ಸಿ ಅಜ್ಜಾ, ದೇವರಿಗೆ ಆಮೇಲೆ. ಅವನು ಕಾಯ್ತಾನೆ, ನನ್ನ ಪಾಳಿ ಮೂರು ಗಂಟೆಗೆ ಮುಗಿಯುತ್ತೆ" ಎಂದಳು. ಇದು ಧರ್ಮಸಮ್ಮತವೇ ಎಂದು ಇಮಾಮರನ್ನು ಕೇಳಲಿದ್ದೇನೆ, ಮೂರು ಗಂಟೆಯ ನಂತರ.