ಪಟ್ಟಿಯಲ್ಲಿಲ್ಲದ ಹಸಿರು ಗೆರೆ

ಆರು ವರ್ಷದಿಂದ ಅವನು ಥೋರಿಯಂ ಎಂಬ ಭಾರದ ವಿಕಿರಣ ಧಾತುವಿನ ಬೆಳಕನ್ನು ಸೀಳಿ, ಅದರ ಗೆರೆಗಳನ್ನು ಎಣಿಸುತ್ತಿದ್ದ. ಪರಮಾಣುವಿನೊಳಗೆ ಎಲೆಕ್ಟ್ರಾನು ಮೇಲಿನ ಮೆಟ್ಟಿಲಿಂದ ಕೆಳಗಿನದಕ್ಕೆ ಹಾರಿದರೆ ಒಂದು ಗೆರೆ. ಅವನ್ನೆಲ್ಲ ಯಾರೋ ಪುಣ್ಯಾತ್ಮರು ಎಂದೋ ಪಟ್ಟಿ ಮಾಡಿಟ್ಟಿದ್ದರು. ಹೊಸ ಮೆಟ್ಟಿಲೊಂದು ಸಿಗದಿದ್ದರೆ ತಿಂಗಳ ಕೊನೆಗೆ ಕೆಲಸವಿಲ್ಲ ಎಂದು ಸಂಶೋಧನಾಲಯದ ಗುರುಗಳು ಹೇಳಿಯಾಗಿತ್ತು. ಮನೆಗೆ ಬಂದವರಿಗೆ ಮಾವ ಅವನನ್ನು "ಇನ್ನೂ ಓದ್ತಿರೋ ಅಳಿಯ" ಎಂದೇ ಪರಿಚಯಿಸುತ್ತಿದ್ದರು.

ಹಿಂದಿನ ದಿನ ಎಂಟು ಗಂಟೆ ಹೊತ್ತು ಥೋರಿಯಂ ದೀಪ ಉರಿಸಿ ತೆಗೆದ ಚಿತ್ರದಲ್ಲಿ, ಬೆಳಿಗ್ಗೆ, ಪಟ್ಟಿಯಲ್ಲಿಲ್ಲದ ಹಸಿರು ಗೆರೆಯೊಂದು ಕಂಡಿತು. ಲೆಕ್ಕ ಹಾಕಿದರೆ ಯಾರೂ ಕಾಣದ ಮೆಟ್ಟಿಲಿಂದ ಹಾರಿ ಬಂದದ್ದು. ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು. ಕಾಫಿಗೆ ಹೋದವನು ಖುಷಿ ತಡೆಯಲಾರದೆ ಹೇಳಿಬಿಟ್ಟ.

ಆರು ವರ್ಷದಲ್ಲಿ ಒಂದು ಪೆನ್ಸಿಲ್ಲೂ ಕೊಡದ ಸಹೋದ್ಯೋಗಿಗಳು ಬೆಳಿಗ್ಗೆ ಹನ್ನೊಂದರೊಳಗೆ ಶೋಧದ ಪ್ರಬಂಧಕ್ಕೆ ತಮ್ಮ ಒಂಬತ್ತು ಹೆಸರು ಬರೆಸಿದರು. ಒಬ್ಬರು ಹಿಂದೊಮ್ಮೆ ಯಂತ್ರದ ಧೂಳು ಒರೆಸಿದ್ದರಂತೆ. ಇನ್ನೊಬ್ಬರು ಧೂಳಿದೆ ಎಂದು ತೋರಿಸಿದ್ದರಂತೆ. ಗುರುಗಳು ಮೂರು ಗಂಟೆಗೆ ಗೆರೆ ನೋಡಲು ಸಂಸ್ಥೆಯ ನಿರ್ದೇಶಕರನ್ನೇ ಆಹ್ವಾನಿಸಿದರು.

ಊಟದ ಹೊತ್ತಿಗೆ, ಗಾಜಿನ ದೀಪ ಮಾಡುವ ಹಿರಿಯರು ಬಂದು ಯಂತ್ರದ ಪಕ್ಕದ ಬಾಗಿಲಿನತ್ತ ಬೆರಳು ತೋರಿಸಿದರು.

"ಸ್ಟೋರ್‌ರೂಮಿನ ಬಾಗಿಲು ಬಿರುಕು ಬಿಟ್ಟಿದೆ ನೋಡಿ. ಅಲ್ಲಿನ ಟ್ಯೂಬ್‌ಲೈಟೊಳಗಿನ ಬಿಳಿ ಪುಡೀನೂ ಹಸಿರು ಗೆರೆ ಕೊಡತ್ತೆ. ಅದೇ ನಿಮ್ಮ ಚಿತ್ರದಲ್ಲಿ ಬಂದು ಕೂತಿರಬೇಕು."

ಅವನು ಓಡಿಹೋಗಿ ಬಿರುಕಿನಲ್ಲಿ ಇಣುಕಿದ, ಒಳಗೆ ಕತ್ತಲು. ಆದರೆ ನಿನ್ನೆ ಲೈಟು ಉರಿದಿತ್ತೋ ಇಲ್ಲವೋ? ಹೇಳಬೇಕಾದ ಸ್ಟೋರಿನವರು ಬೀಗದ ಕೈ ಸಮೇತ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದರು. ಬಿರುಕು ಮುಚ್ಚಿ ಮತ್ತೆ ತೆಗೆಯಲು ಎಂಟು ಗಂಟೆ ಬೇಕು, ಉಳಿದದ್ದು ಎರಡು. ನಿರ್ದೇಶಕರ ಮುಂದೆ ಮಾನ ಹೋಗುವುದಕ್ಕಿಂತ ಮೊದಲೇ ಒಪ್ಪಿಕೊಳ್ಳುವುದು ಮೇಲೆಂದು ಗುರುಗಳ ಕೋಣೆಗೆ ಓಡಿದ.

"ಸ್ಟೋರ್‌ರೂಮಿನ ಲೈಟಾ?" ಎಂದು ಕೇಳಿ ಗುರುಗಳು ಮೇಜಿನ ಖಾನೆ ಎಳೆದರು. ಬೈಯಲಿಲ್ಲ. ಒಂದು ಹಾಳೆ ಕೊಟ್ಟು, "ಬರೆದು ಕೊಟ್ಬಿಡಪ್ಪ, ನಿನಗೇ ಒಳ್ಳೇದು," ಎಂದರು. ಈ ಗೆರೆ ತನ್ನ ಶೋಧವಲ್ಲ, ಇದರ ಮೇಲೆ ತನಗೆ ಯಾವ ಹಕ್ಕೂ ಇಲ್ಲ ಎಂದು ಬರೆದು ಅವನು ಸಹಿ ಹಾಕಿದ. ಸುದ್ದಿ ಹೊರಗೆ ಬೀಳುತ್ತಲೇ ಒಂಬತ್ತು ಜನವೂ ತಮ್ಮ ಹೆಸರು ತೆಗೆಸಿಕೊಂಡರು.

ಮೂರೂ ಕಾಲಿಗೆ ಸ್ಟೋರಿನವರು ಕೆನ್ನೆ ಊದಿಸಿಕೊಂಡು ಬಂದರು.

"ಆ ಲೈಟಾ? ಸುಟ್ಟು ಮೂರು ತಿಂಗಳಾಯ್ತು. ಹೊಸದು ಬೇಕು ಅಂತ ಅರ್ಜಿ ಕೊಟ್ಟಾಗೆಲ್ಲ ನಿಮ್ಮ ಗುರುಗಳೇ ಅನಗತ್ಯ ಅಂತ ಬರೆದು ವಾಪಸ್ ಕಳಿಸ್ತಾರೆ."

ಅವನು ಬಿದ್ದೆನೋ ಎದ್ದೆನೋ ಎಂದು ಸಭಾಂಗಣಕ್ಕೆ ಓಡಿದ. ಪರದೆಯ ಮೇಲೆ ಅದೇ ಹಸಿರು ಗೆರೆ, ಕೆಳಗೆ ಗುರುಗಳದ್ದೊಂದೇ ಹೆಸರು. ನಿರ್ದೇಶಕರು ಕೈ ಕುಲುಕುತ್ತಿದ್ದರು. ಒಂಬತ್ತು ಜನ ಹೊಟ್ಟೆ ಉರಿಸಿಕೊಂಡೇ ಚಪ್ಪಾಳೆ ತಟ್ಟುತ್ತಿದ್ದರು.

ಹೊರಗೆ ಬಂದ ಗುರುಗಳು ಪ್ರೀತಿಯಿಂದ ಅವನ ಬೆನ್ನು ತಟ್ಟಿದರು.

"ಸ್ಟೋರ್‌ರೂಮಿಗೆ ಹೊಸ ಟ್ಯೂಬ್‌ಲೈಟ್ ಮಂಜೂರು ಮಾಡಿದೀನಿ. ಸಲಹೆ ಕೊಟ್ಟವರು ಅನ್ನೋ ಕಡೆ ನಿನ್ನ ಹೆಸರೇ ಹಾಕಿಸಿದೀನಪ್ಪ."