ಸ್ಕ್ರೂ ಇದ್ದದ್ದೆಲ್ಲ ಮಾವನದು

ನಮ್ಮ ಸೋದರಮಾವ ಕಳ್ಳರಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಅವರು ಮುಳಬಾಗಿಲಿನ ತಮ್ಮ ಸ್ವಂತ ಮನೆಯನ್ನು ಖಾಲಿ ಮಾಡುವುದನ್ನು ಕಂಡ ಎದುರುಮನೆಯವರು, “ಪೊಲೀಸರಿಗೆ ಫೋನ್ ಮಾಡೋಣ್ವಾ?” ಎಂದು ನನ್ನನ್ನೇ ಕೇಳಿದರು!

ಮನೆ ಮಾರಿ ಆಗಿತ್ತು. ಕೋಲಾರದಲ್ಲಿ ಮಗಳ ಮನೆ ಪಕ್ಕ ಮಾವ ಒಂದು ಬಾಡಿಗೆ ಮನೆ ಹಿಡಿದಿದ್ದರು. ಸಾಮಾನು ಸಾಗಿಸಲು ನೆರವಾಗೋಣವೆಂದು ಹೋದರೆ, ಮಾವ ಏಣಿಯ ಮೇಲೆ! ಬಾಯಲ್ಲಿ ಟೆಸ್ಟರ್, ಕೈಯಲ್ಲಿ ಸ್ವಿಚ್ ಬೋರ್ಡು.

“ಏನ್ ಮಾವ, ಸ್ವಿಚ್ಚೂ ಬಿಚ್ತೀರಾ?”

“ಕ್ರಯಪತ್ರ ಬರೆಯೋನು ಏನಂದ? ಮನೆಗೆ ಅಂಟ್ಕೊಂಡಿರೋದೆಲ್ಲ ಕೊಂಡವನಿಗೆ ಸೇರುತ್ತೆ ಅಂದ. ಬಿಚ್ಚಿದ ಮೇಲೆ ಅದು ಅಂಟ್ಕೊಂಡಿರುತ್ತೇನ್ಲಾ?”

ಇಂಥ ವಾದಕ್ಕೆ ಯಾವ ಲಾಯರ್ ತಾನೇ ಉತ್ತರ ಕೊಟ್ಟಾನು? ಫ್ಯಾನು, ಪರದೆ ಸರಳು, ಟವೆಲ್ ಕೊಕ್ಕೆ, ಗೋಡೆಯ ಮೊಳೆ, ಎಲ್ಲ ಲಾರಿ ಹತ್ತಿದವು. ಸ್ಕ್ರೂ ಮುಗಿದ ಮೇಲೆ ಮಾವನ ಕಣ್ಣು ಹಿತ್ತಲಿನ ಕರಿಬೇವಿನ ಮರದ ಮೇಲೆ ಬಿತ್ತು. ಬೇರು ಕಾಂಪೌಂಡಿನ ಅಡಿಗೆ ಹೋಗಿತ್ತು.

“ಕಿತ್ರೆ ಕಾಂಪೌಂಡೂ ಜೊತೇಲಿ ಬರುತ್ತೆ ಮಾವ.”

“ಬರ್ಲಿ ಬಿಡು. ಅದನ್ನ ಕಟ್ಟಿಸಿದ್ದೂ ನಾನೇ!”

ಲಾರಿಯಲ್ಲಿ ಜಾಗವಿಲ್ಲ ಎಂದ ಮೇಲೆ ಮರವನ್ನು ಬಿಟ್ಟರು. ಹಾಗಂತ ಸೋತರೇ? ಕೈಗೆ ಸಿಕ್ಕ ಎಲೆಯನ್ನೆಲ್ಲ ತರಿದು ಚೀಲಕ್ಕೆ ತುಂಬಿದರು. ಪಾಪ, ಆ ಮರ ತಿರುಪತಿಗೆ ಹೋಗಿ ಬಂದಂತೆ ಕಾಣುತ್ತಿತ್ತು.

ಅಷ್ಟರಲ್ಲಿ ಮನೆ ಕೊಂಡವರು ಬಂದರು. ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ. ಶಿಫ್ಟ್ ಮುಗಿಸಿ ಯೂನಿಫಾರ್ಮಿನಲ್ಲೇ ಬಂದಿದ್ದರು. ಜೊತೆಗೆ ಆಂಧ್ರ ಗಡಿಯ ರಾಯಲ್ಪಾಡಿನಿಂದ ಹೆಂಡತಿ, ವಯಸ್ಸಾದ ತಾಯಿ, ಒಂದು ಟೆಂಪೋ ತುಂಬ ಸಾಮಾನು. ಕರೆಗಂಟೆ ಒತ್ತಲು ಬೆರಳು ಚಾಚಿದರು. ಗಂಟೆ ಇರಲಿಲ್ಲ, ತೂತು ಇತ್ತು.

ಹೆಂಡತಿ ಒಳಗೆ ಇಣುಕಿ, “ಏಮಂಡೀ, ನಾವು ಕೊಂಡಿದ್ದು ಇದೇ ಮನೇನಾ?” ಎಂದರು.

“ಬಾಗಿಲಿಗೆ ಚಿಲಕ ಎಲ್ಲಿ ಸಾರ್?” ಗಂಡ ಕೇಳಿದರು.

“ಬಾಗಿಲು ಬಿಟ್ಟಿದೀನಲ್ಲಪ್ಪ!” ಕರ್ಣನೂ ಇಷ್ಟು ಗತ್ತಿನಿಂದ ದಾನ ಮಾಡಿರಲಾರ.

“ನಲ್ಲಿ?”

“ನೀರು ನಿಮ್ದೇ. ನಲ್ಲಿ ನಂದು.”

ನಾನು ಮೆಲ್ಲಗೆ, “ಮಾವ, ಬಾಡಿಗೆ ಮನೇಲಿ ನಲ್ಲಿ ಇದೆಯಲ್ಲ?” ಎಂದೆ.

“ಅದು ಅವರ ನಲ್ಲಿ ಕಣೋ!”

ಮನೆ ಕೊಂಡವರ ತಾಳ್ಮೆ ಕೆಟ್ಟಿತು. “ಈ ಬೀಗದಕೈ ನಂಗೆ ಬೇಡ. ನಡೀರಿ ಸ್ಟೇಷನ್‌ಗೆ!” ಎಂದು ಕೂಗಿದರು. ಮಾವ “ನಡೀರಿ!” ಎಂದು ಚಪ್ಪಲಿ ಮೆಟ್ಟಿದರು. ಬೀದಿ ಮಂದಿ ಸೇರಿತು. ಮಾವನ ಮರ್ಯಾದೆಯೂ ಈಗ ಬಿಚ್ಚಿಕೊಂಡು ಬರುತ್ತದೆಂದು ನಾನು ಅವರ ತೋಳು ಹಿಡಿದೆಳೆದೆ.

ಈ ಗಲಾಟೆಯ ನಡುವೆ ಆ ತಾಯಿ ಬಚ್ಚಲಿಗೆ ಹೋಗಿದ್ದರು. “ಅಮ್ಮಾ!” ಎಂದು ಸೊಸೆ ಕಿರುಚಿದ್ದು ಕೇಳಿ ಎಲ್ಲರೂ ಓಡಿದೆವು. ಮುದುಕಿ ಜಾರಿದ್ದರು, ಸೊಸೆ ತೋಳು ಹಿಡಿದಿದ್ದರಿಂದ ಬೀಳಲಿಲ್ಲ. ಅವರ ಇನ್ನೊಂದು ಕೈ ಇನ್ನೂ ಗೋಡೆ ಸವರುತ್ತಿತ್ತು.

“ಹಿಡ್ಕೊಳ್ಳೋಕೆ ಇಲ್ಲೇನೂ ಇಲ್ವಾ ನಾಯನಾ?”

ಅವರ ಬೆರಳು ನಿಂತಲ್ಲಿ ಹೊಸ ತೂತುಗಳಿದ್ದವು. ಮಾವ ಅವನ್ನೇ ನೋಡುತ್ತ ನಿಂತರು. ಆಮೇಲೆ ಹೊರಗೆ ಹೋಗಿ ಲಾರಿ ಹತ್ತಿದರು. ಇಳಿದಾಗ ಕೈಯಲ್ಲಿ ಹಳೇ ಸೀರೆ ತುಂಡಿನಲ್ಲಿ ಸುತ್ತಿದ ಒಂದು ಸ್ಟೀಲ್ ಹಿಡಿ. ಅತ್ತೆಗೆ ಮಂಡಿ ಸೋತಾಗ ಮಾವ ತಾವೇ ಗೋಡೆ ಕೊರೆದು ಹಾಕಿದ್ದು. ಅತ್ತೆ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಬೇರೆಲ್ಲ ಸಾಮಾನನ್ನು ಗೋಣಿಗೆ ಸುರಿದಿದ್ದ ಮನುಷ್ಯ ಅದೊಂದನ್ನು ಮಗುವಿನಂತೆ ಸುತ್ತಿಟ್ಟಿದ್ದರು.

ಅದನ್ನು ಅದೇ ಜಾಗಕ್ಕೆ ಬಿಗಿದು, ಗಟ್ಟಿಯಿದೆಯೇ ಎಂದು ತಾವೇ ಜೋತು ಬಿದ್ದು ನೋಡಿದರು. ಸ್ಟೇಷನ್ ಮಾತು ಯಾರೂ ಎತ್ತಲಿಲ್ಲ. ಮಾವ ಲಾರಿಯ ಕಡೆ ಕೈ ತೋರಿಸಿ “ಇಳಿಸ್ರೋ” ಎಂದರು. ಚಿಲಕ, ನಲ್ಲಿ, ಸ್ವಿಚ್ಚು, ಎಲ್ಲ ನಾನೂ ಆ ಯೂನಿಫಾರ್ಮಿನವರೂ ಸೇರಿ ಇಳಿಸಿದೆವು.

ಹೊರಡುವ ಮುನ್ನ ಮಾವ ಮತ್ತೆ ಬಚ್ಚಲ ಬಾಗಿಲಿಗೆ ಬಂದರು. ಮುದುಕಿ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಿದ್ದರು.

“ಸ್ವಲ್ಪ ಮೇಲಕ್ಕೆ ಹಾಕ್ಲಾ ಅಮ್ಮ? ನಮ್ಮವಳು ಕುಳ್ಳಿ.”

“ಬೇಡ ನಾಯನಾ,” ಎಂದರು ಆಕೆ. “ನಾನೂ ಕುಳ್ಳೀನೇ.”