ನಾಲ್ಕು ಗಾಲಿಯ ಬಲ, ಒಂದು ಹೊತ್ತಿನ ಊಟ

ಬೆಲ್ಲದ ಬಾಗೇವಾಡಿಯ ಧನ್ಯಕುಮಾರ ಟ್ರ್ಯಾಕ್ಟರ್ ಮಾರಿ ಹಳೇ ಮಿಲಿಟರಿ ಜೀಪು ತಂದ ದಿನ, ಇನ್ನು ಜಿಲ್ಲೆಯ ಯಾವ ಕೆಸರಿಗೂ ತಾನು ತಲೆಬಾಗುವುದಿಲ್ಲ ಎಂದು ಅಂಗಳದಲ್ಲೇ ಘೋಷಿಸಿದ. ಬೇರೆ ಜೀಪುಗಳಲ್ಲಿ ಎಂಜಿನ್ನಿನ ಬಲ ಹಿಂದಿನ ಎರಡು ಗಾಲಿಗಷ್ಟೇ. ಇದರಲ್ಲಿ ಲಿವರ್ ಎಳೆದರೆ ನಾಲ್ಕಕ್ಕೂ! ಗೋಕಾಕ ಫಾಲ್ಸನ್ನೂ ಕೆಳಗಿನಿಂದ ಹತ್ತಿಬಿಡುತ್ತದೆ ಎಂದ. ಹೆಂಡತಿ ತ್ರಿಶಲಾಗೆ ಮಾತ್ರ ಕೈಬಿಟ್ಟುಹೋದ ಟ್ರ್ಯಾಕ್ಟರಿನದೇ ಸಂಕಟ. ಅರಭಾವಿಯ ಭೀಮರಾಯ ಅದನ್ನು ಕೊಂಡು ಹೊರಟಾಗ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು.

ಅದು ಭಾದ್ರಪದ, ಜೈನರ ದಶಲಕ್ಷಣ ಪರ್ವದ ಕಾಲ. ಧನ್ಯಕುಮಾರನ ತಾಯಿ ಸೀತಾಬಾಯಿಗೆ ಪರ್ವ ಮುಗಿಯುವವರೆಗೆ ಒಪ್ಪತ್ತು. ದಿನಕ್ಕೆ ಒಂದೇ ಊಟ, ಅದೂ ಹೊತ್ತು ಮುಳುಗುವುದರೊಳಗೆ. ತಪ್ಪಿತೋ, ಮರುದಿನದವರೆಗೆ ಹನಿ ನೀರೂ ಇಲ್ಲ. ಅವತ್ತು ಮುದಲಗಿಗೆ ಕೊಟ್ಟ ಮಗಳು ಮೇಘಾಳ ಮನೆಗೆ ಹೋಗಿ ಅವಳ ಕೈಯಡುಗೆ ಉಣ್ಣಬೇಕೆಂದು ಮುದುಕಿಗೆ ಆಸೆ. ತ್ರಿಶಲಾ ದಾರಿಗಿರಲಿ ಎಂದು ಡಬ್ಬಿ ಕಟ್ಟಿದರೆ ಧನ್ಯಕುಮಾರ ಅದನ್ನು ಜೀಪಿನಿಂದ ಇಳಿಸಿ ಕಟ್ಟೆಯ ಮೇಲಿಟ್ಟ.

"ಡಬ್ಬಿ ಯಾಕ? ಬಸ್ಸಿನ್ಯಾಗ ಹೊಂಟೀವೇನು?"

ಓಣಿಯ ಮಂದಿಗೆಲ್ಲ ಲಿವರಿನ ದರ್ಶನ ಮಾಡಿಸಿ ಹೊರಡುವುದರಲ್ಲಿ ಮಧ್ಯಾಹ್ನ ಕಳೆಯಿತು. ಕಳೆದ ಹೊತ್ತನ್ನು ಹಿಡಿಯಲು ಅರಭಾವಿ ದಾಟುತ್ತಲೇ ಡಾಂಬರು ರಸ್ತೆ ಬಿಟ್ಟು ಹೊಲದ ದಾರಿಗೆ ಇಳಿಸಿದ. ಮೊದಲೇ ಎರೆಮಣ್ಣು, ಹಿಂದಿನ ದಿನವಷ್ಟೇ ಮಳೆ. ಕಬ್ಬಿನ ಹೊಲದ ಬದಿಗೆ ಜೀಪು ಎಡಕ್ಕೆ ವಾಲಿ ನಿಂತಿತು. ಧನ್ಯಕುಮಾರ ಮಹಾರಾಜನ ಗತ್ತಿನಲ್ಲಿ ಲಿವರ್ ಎಳೆದ. ಎಡಗಡೆಯ ಎರಡು ಗಾಲಿ ಗರಗರ ತಿರುಗಿ ಸೀತಾಬಾಯಿಯ ಬಿಳಿ ಸೀರೆಗೆ ಕೆಸರಿನ ಅಭಿಷೇಕ ಮಾಡಿದವು. ಗಟ್ಟಿ ನೆಲದ ಮೇಲಿದ್ದ ಬಲಗಡೆಯ ಎರಡೂ ಬೀಗರ ಹಾಗೆ ಸುಮ್ಮನೆ ಕೂತಿದ್ದವು.

ಜೀಪು ಕದಲದಿದ್ದರೂ ಅವನ ಬಾಯಿ ನಿಲ್ಲಲಿಲ್ಲ. ಅಚ್ಚಿನ ನಡುವೆ ಡಿಫರೆನ್ಷಿಯಲ್ ಅಂತ ಒಂದಿರುತ್ತದೆ, ತಿರುವಿನಲ್ಲಿ ಒಂದು ಗಾಲಿ ಹೆಚ್ಚು, ಒಂದು ಕಡಿಮೆ ಸುತ್ತಲೆಂದು. ಆದರೆ ಯಾವ ಗಾಲಿ ಜಾರುತ್ತದೋ ಅದಕ್ಕೇ ಓಟವೆಲ್ಲ ಹೋಗಿಬಿಡುತ್ತದೆ ಎಂದು ತಾಯಿಗೆ ವಿವರಿಸಿದ.

ಸೀತಾಬಾಯಿ ಯೋಚಿಸಿ ಕೇಳಿದಳು: "ಅಂದ್ರ, ನೆಲಾ ಹಿಡದ ಗಾಲಿಗೆ ಏನೂ ಇಲ್ಲ. ಸುಮ್ನ ತಿರುಗೂ ಗಾಲಿಗೆ ಎಲ್ಲಾ ಕೊಡತೈತಿ?"

"ಹಂಗ ಅನ್ನು."

ತ್ರಿಶಲಾ ಮೆಲ್ಲಗೆ ಬಾಯಿಬಿಟ್ಟಳು. "ಟ್ರ್ಯಾಕ್ಟರಕ್ಕ ಲಾಕ್ ಇತ್ತಲ್ರಿ. ಹಿಮ್ಮಡಿಲೆ ಪೆಡಲ್ ಒತ್ತಿದ್ರ ಎರಡೂ ಗಾಲಿ ಕೂಡೇ ತಿರಗ್ತಿದ್ದೂ. ಇದಕ್ಕಿಲ್ಲೇನ್ರಿ?"

ಇದಕ್ಕಿರಲಿಲ್ಲ. ಧನ್ಯಕುಮಾರ ಗಾಲಿಯಡಿ ಕಲ್ಲಿಟ್ಟ, ಕಬ್ಬಿನ ಒಣ ಸೋಗೆ ತುರುಕಿದ, ಕೊನೆಗೆ ತನ್ನ ಟಾವೆಲನ್ನೂ ಹಾಸಿದ. ಜೀಪು ಎಲ್ಲವನ್ನೂ ನುಂಗಿ ಇನ್ನಷ್ಟು ಹೂತುಕೊಂಡಿತು. ಕ್ಲಚ್ಚು ಸುಟ್ಟ ನಾತ ಬಂತು. ಮೊಣಕಾಲು ಸೋತ ತಾಯಿ ಆ ಕೆಸರಿನಲ್ಲಿ ನಡೆಯುವಂತಿರಲಿಲ್ಲ. ಅವಳ ತುಟಿ ಒಣಗಿತ್ತು. ಕಟ್ಟೆಯ ಮೇಲಿಟ್ಟು ಬಂದ ಡಬ್ಬಿ ಈಗ ಧನ್ಯಕುಮಾರನಿಗೆ ನೆನಪಾಯಿತು. ಸೀತಾಬಾಯಿ ಪಡುವಣಕ್ಕೆ ಒಮ್ಮೆ ನೋಡಿ ಕೈಮುಗಿದಳು. ಹೊತ್ತು ಮುಳುಗಿತು.

ಮಬ್ಬಿನಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿತು. ಸದ್ದು ಕೇಳುತ್ತಲೇ ಯಾರದೆಂದು ತ್ರಿಶಲಾಗೆ ಗೊತ್ತಾಯಿತು. ಹೊಲದಿಂದ ಮರಳುತ್ತಿದ್ದ ಭೀಮರಾಯ ಸರಪಳಿ ಬಿಗಿದ, ಹಿಮ್ಮಡಿಯಿಂದ ಪೆಡಲ್ ಒತ್ತಿದ. ಧನ್ಯಕುಮಾರನ ಹಳೇ ಟ್ರ್ಯಾಕ್ಟರ್ ಅವನ ಹೊಸ ವೈಭವವನ್ನು ಕೆಸರಿನಿಂದ ಕಿತ್ತು ಮುದಲಗಿಯ ಪೇಟೆಯ ನಡುವೆಯೇ ಮೇಘಾಳ ಬಾಗಿಲವರೆಗೆ ಎಳೆದೊಯ್ದಿತು. ದಾರಿಯುದ್ದಕ್ಕೂ ಧನ್ಯಕುಮಾರ ಸ್ಟೀರಿಂಗ್ ಹಿಡಿದು ತಾನು ಮಾರಿದ ಟ್ರ್ಯಾಕ್ಟರಿನ ಬೆನ್ನನ್ನೇ ನೋಡುತ್ತ ಕೂತ.

ಮೇಘಾ ಅವ್ವನ ದಾರಿ ನೋಡುತ್ತ ತಾನೂ ಉಂಡಿರಲಿಲ್ಲ. ಹೋಳಿಗೆ ಮುಚ್ಚಿಟ್ಟಲ್ಲೇ ಆರಿತ್ತು. ಕತ್ತಲಾದ ಮೇಲೆ ಜೈನರ ಮನೆಯಲ್ಲಿ ಯಾರೂ ಅನ್ನ ಮುಟ್ಟುವಂತಿಲ್ಲ, ಮುಟ್ಟಬಹುದಾದವನು ಆ ನೇಮವಿಲ್ಲದ ಭೀಮರಾಯನೊಬ್ಬನೇ. ಸಂಕೋಚಪಡುತ್ತ ಎಲೆಯ ಮುಂದೆ ಕೂತವನು ಆಮೇಲೆ ತುಪ್ಪ ಸುರಿಸಿಕೊಂಡು ಸರಾಗವಾಗಿ ಉಂಡ. ಹಸಿದ ಮನೆಮಂದಿಯೆಲ್ಲ ಸುತ್ತ ಕೂತು ನೋಡಿದರು.

"ಇನ್ನೊಂದು ಬಡಸು ಮೇಘಾ," ಎಂದಳು ಸೀತಾಬಾಯಿ, ಒಣಗಿದ ದನಿಯಲ್ಲಿ. "ಇವತ್ತ ನೆಲಾ ಹಿಡದ ಗಾಲಿ ಅಂದ್ರ ಅವನೊಬ್ಬನ."

ಆಮೇಲೆ ಮಗನ ಕಡೆ ತಿರುಗಿ ಅಷ್ಟೇ ಅಕ್ಕರೆಯಿಂದ ಹೇಳಿದಳು.

"ಹೋಗಪಾ, ಮಲ್ಕೊ. ಮುಂಜಾನಿಂದ ನೀ ಭಾಳ ತಿರಗೀದಿ."